ನಳದ ನೀರಿಗೆ ಹೇಳಿದ ಕನಸು

ಈ ಘಟನೆಗಳು ಒಂದೇ ಮನೆಯಲ್ಲಿ, ಕಾರಹುಣ್ಣಿಮೆಯ ಮರುದಿನದಿಂದ ನಾಗರಪಂಚಮಿಯವರೆಗೆ ನಡೆದವು. ಅವುಗಳ ಅನುಕ್ರಮ ಹೀಗಿದೆ: ಮೊದಲು ಕಾಳಪ್ಪ ಮನೆಯವರ ಕನಸುಗಳನ್ನು ಕೇಳಿದ, ಮಣ್ಣೆತ್ತಿನ ಅಮಾವಾಸ್ಯೆಯಂದು ಹೆಂಡತಿ ಕೆಲಸ ಮಾಡುವ ಕೋಣೆಯನ್ನು ಕೇಳಿದ, ಆಷಾಢದ ನಡುವಿನ ಒಂದು ಭಾನುವಾರ ಎರಡನ್ನೂ ಒಟ್ಟಿಗೆ ಬಳಸಿಕೊಂಡ. ಅನಂತರ ನಡೆದದ್ದೆಲ್ಲ ಆ ಭಾನುವಾರದ ಪರಿಣಾಮ.

ಮನೆ ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದ ಅಂಚಿನಲ್ಲಿ, ಹೊಸ ಬಡಾವಣೆಯೊಂದರಲ್ಲಿದೆ. ನಿವೇಶನಗಳೆಲ್ಲ ಒಂದೇ ಅಳತೆಯವು. ಗೇಟುಗಳೆಲ್ಲ ಒಂದೇ ಬಣ್ಣದವು. ಕಾಳಪ್ಪ ಯಲಬುರ್ಗಾದ ಸರ್ಕಾರಿ ಕಚೇರಿಯೊಂದರಲ್ಲಿ ಆವಕ-ಜಾವಕ ವಿಭಾಗದ ಗುಮಾಸ್ತ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ತಾಯಿ ಮುದುಕಮ್ಮ ಹುಲಿಹೈದರದಿಂದ ಬಂದು ಮಗನ ಜೊತೆ ಇದ್ದಾಳೆ. ಮಗಳು ಅಂಜಲಿ ಪದವಿ ಕಾಲೇಜಿನ ಎರಡನೆಯ ವರ್ಷದಲ್ಲಿದ್ದಾಳೆ.

ಹೆಂಡತಿ ನೇತ್ರಾವತಿ ಮುಂದಿನ ಕೋಣೆಯಲ್ಲಿ ಕೂದಲಿನ ಕೆಲಸ ನಡೆಸುತ್ತಾಳೆ. ಊರೂರಿನ ಹೆಂಗಸರು ಬಾಚಿ ಸುತ್ತಿಟ್ಟ ಕೂದಲಿನ ಉಂಡೆಗಳು, ವಿಗ್ಗಿಗೆ ಕೂದಲು ಕಳಿಸುವ ವ್ಯಾಪಾರಿ ಹೊನ್ನೂರಪ್ಪನಿಂದ ಚೀಲಗಳಲ್ಲಿ ಬರುತ್ತವೆ. ಅವುಗಳ ಸಿಕ್ಕು ಬಿಡಿಸಿ, ಬಿಳಿ ಎಳೆಗಳನ್ನು ತೆಗೆದು, ಹಲಗೆಗೆ ಹಲ್ಲು ಮೇಲಾಗಿ ನೆಟ್ಟ ಉಕ್ಕಿನ ಬಾಚಣಿಗೆಯಲ್ಲಿ ಎಳೆದು, ಉದ್ದಕ್ಕೆ ತಕ್ಕಂತೆ ಕಟ್ಟು ಕಟ್ಟಬೇಕು. ಅಬೇದಾಬಿ, ಕಸ್ತೂರೆಮ್ಮ ಎಂಬ ಇಬ್ಬರು ಅವಳ ಜೊತೆ ಕೂರುತ್ತಾರೆ. ಈ ಕೆಲಸಕ್ಕೆ ಗಾಳಿ ಆಗದು. ಫ್ಯಾನು ಹಾಕುವಂತಿಲ್ಲ, ಕಿಟಕಿ ತೆರೆಯುವಂತಿಲ್ಲ. ಮನೆಯಲ್ಲಿ ಹಾಗೆ ಪೂರ್ತಿ ಮುಚ್ಚಬಹುದಾದ ಕೋಣೆ ಅದೊಂದೇ.

ಮುದುಕಮ್ಮನಿಗೆ ಆ ಕೆಲಸ ಮೊದಲಿನಿಂದಲೂ ಆಗುತ್ತಿರಲಿಲ್ಲ. ಊಟಕ್ಕೆ ಕೂರುವಾಗ ತಾಟನ್ನು ಬೆಳಕಿಗೆ ಹಿಡಿದು ನೋಡಿ, "ಮಂದಿ ತಲಿಗೂದ್ಲ ಮನ್ಯಾಗ ಇಟ್ಟಕೊಂಡು ಯಾರು ಉದ್ಧಾರ ಆಗ್ಯಾರ," ಎನ್ನುತ್ತಿದ್ದಳು. "ನಿಮ್ಮ ಔಷಧಿ ಅದರಾಗ ಬರತೈತಿ, ಅತ್ತಿ," ಎಂದು ನೇತ್ರಾವತಿ ಉತ್ತರಿಸುತ್ತಿದ್ದಳು. ಇದು ದಿನನಿತ್ಯದ ಮಾತಾಗಿತ್ತು. ಯಾರೂ ಅದನ್ನು ಜಗಳವೆಂದು ಎಣಿಸಿರಲಿಲ್ಲ.

ಜಗಳ ಹುಟ್ಟಿದ್ದು ಬೇರೆ ಕಡೆಯಿಂದ. ಕಚೇರಿಯ ಗೆಳೆಯ ಗಾಳೇಶ ಕಾಳಪ್ಪನನ್ನು ಒಂದು ಬಳಗಕ್ಕೆ ಕರೆದೊಯ್ದ. ಗಂಗಾವತಿಯ ನಿವೃತ್ತ ಉಪನ್ಯಾಸಕ ಮರಿಸ್ವಾಮಿ ಎಂಬುವರು ಅದನ್ನು ನಡೆಸುತ್ತಿದ್ದರು. ಭಾನುವಾರಗಳಂದು ಬಡಾವಣೆಯ ಯಾರದಾದರೂ ಮನೆಯಲ್ಲಿ ಹತ್ತಿಪ್ಪತ್ತು ಜನ ಸೇರಿ ತಮ್ಮ ಕನಸುಗಳನ್ನು ಹೇಳಿಕೊಳ್ಳುವುದು, ಮರಿಸ್ವಾಮಿ ಅವುಗಳ ಮೂಲಕ ಮುಖವಾಡ ಯಾವುದು, ಸುಪ್ತ ಮನಸ್ಸಿನಲ್ಲಿ ಅಡಗಿದ ನೆರಳು ಯಾವುದು, ನಿಜವಾದ ವ್ಯಕ್ತಿ ಯಾರು ಎಂದು ವಿವರಿಸುವುದು ಅಲ್ಲಿಯ ಕ್ರಮ. ಅಲ್ಲಿಗೆ ಹೋಗಿ ಬಂದ ಮೇಲೆ ಕಾಳಪ್ಪ ಮೀಸೆ ತೆಗೆಸಿದ. ಬೆಳಗಿನ ಚಹಾ ಬಿಟ್ಟ. "ಇಷ್ಟು ದಿನ ಕುಡಿದಾವ ನಾನಲ್ಲ," ಎಂದ.

"ಹಂಗಾರ ಇಷ್ಟು ದಿನ ಆ ಕಪ್ಪು ತೊಳದಾಕಿ ಯಾರು?" ಎಂದು ನೇತ್ರಾವತಿ ಕೇಳಿದಳು.

ಕಾರಹುಣ್ಣಿಮೆಯ ಮರುದಿನ ಮುಂಜಾನೆ ಎಲ್ಲರೂ ಮಂಡಕ್ಕಿಯ ಸುಸ್ಲಾ ತಿನ್ನಲು ಕುಳಿತಿದ್ದಾಗ ಅವನು ತನ್ನ ತಾಟನ್ನು ಪಕ್ಕಕ್ಕೆ ಸರಿಸಿದ.

"ರಾತ್ರಿ ಯಾರ್ಯಾರಿಗೆ ಏನೇನು ಕನಸು ಬಿದ್ದಾವು, ಹೇಳ್ರಿ. ಇನ್ನ ಮ್ಯಾಲ ದಿನಾ ಹೇಳಬೇಕು."

"ನನಗ ನಿದ್ದೀನ ಬಂದಿಲ್ಲ," ಎಂದಳು ನೇತ್ರಾವತಿ. "ಹೊನ್ನೂರಪ್ಪನ ಮಾಲು ಇವತ್ತ ಕಟ್ಟಿ ಕೊಡಬೇಕು."

"ನಿದ್ದಿ ಬರದೇ ಇರೂದೂ ಒಂದು ಸೂಚನೀನ. ನೀ ಒಳಗ ಏನೋ ತುರುಕಿ ಇಟ್ಟೀದಿ."

"ಒಳಗ ಅಲ್ರಿ, ಚೀಲದಾಗ ತುರುಕಿ ಇಟ್ಟೀನಿ. ಬಂದು ಬಿಡಿಸ್ತೀರೇನು?"

ಅಂಜಲಿ ನಕ್ಕಳು. ನಕ್ಕದ್ದಕ್ಕೆ ಪರಿಹಾರವೆಂಬಂತೆ ತನ್ನ ಕನಸನ್ನು ಹೇಳಿದಳು: ಪೆಟ್ರೋಲು ಇಲ್ಲದ ಸ್ಕೂಟಿ ತಾನಾಗಿ ಓಡುತ್ತಿದೆ, ಬಡಾವಣೆಯ ಎಲ್ಲ ಗೇಟುಗಳೂ ಒಂದೇ ಥರ, ತಮ್ಮ ಮನೆ ಬಂದರೂ ನಿಲ್ಲಿಸಲು ಆಗುತ್ತಿಲ್ಲ. ಕಾಳಪ್ಪ ಬಹಳ ಗಮನವಿಟ್ಟು ಕೇಳಿದ. ಸ್ಕೂಟಿಯ ಬಣ್ಣ ಯಾವುದೆಂದೂ ವಿಚಾರಿಸಿದ.

"ಅಪ್ಪಾ, ನಿನಗೇನು ಬಿತ್ತು?"

"ನಂದು ಭಾಳ ಆಳದಾಗಿನದು. ಹಿಂಗ ತಿನಕೋತ ಹೇಳೂದಲ್ಲ." ಅವನು ತಾಯಿಯತ್ತ ತಿರುಗಿದ. "ಯವ್ವಾ, ನೀ ಹೇಳು."

"ಅನ್ನದ ಮುಂದ ಕುಂತು ಕನಸು ಹೇಳಬಾರದು, ಕಾಳಾ. ಮನುಷ್ಯಾರಿಗೆ ಹೇಳಿದರ ಮನಿ ಹಿಡಕೊಂಡು ಕುಂದರತೈತಿ. ಹರಿಯೂ ನೀರಿಗೆ ಹೇಳಬೇಕು, ಒಯ್ಯತೈತಿ."

ಇದು ಅವರ ಮನೆತನದ ಹೆಂಗಸರು ಪಾಲಿಸಿಕೊಂಡು ಬಂದ ಪದ್ಧತಿ. ಹುಲಿಹೈದರದಲ್ಲಿದ್ದಾಗ ಮುದುಕಮ್ಮ ನಸುಕಿನಲ್ಲಿ ಹಳ್ಳಕ್ಕೆ ಹೋಗಿ ಹೇಳಿ ಬರುತ್ತಿದ್ದಳು. ಬಡಾವಣೆಯಲ್ಲಿ ಹಳ್ಳವಿಲ್ಲ. ನಳಕ್ಕೆ ನೀರು ಬಿಟ್ಟ ದಿನ ಅವಳು ಎಲ್ಲರಿಗಿಂತ ಮೊದಲು ಎದ್ದು, ಬಚ್ಚಲಮನೆಯ ಬಾಗಿಲು ಹಾಕಿಕೊಂಡು, ನಳ ತಿರುವಿ, ಅದರ ಮುಂದೆ ಕುಳಿತು ಹೇಳುತ್ತಿದ್ದಳು. ನೀರು ಬಾರದ ದಿನದ ಕನಸನ್ನು ಮನಸ್ಸಿನಲ್ಲೇ ಹಿಡಿದಿಟ್ಟುಕೊಳ್ಳುತ್ತಿದ್ದಳು.

"ನಳಕ್ಕ ಹೇಳಾಕ ಬರತೈತಿ, ಹಡದ ಮಗಗ ಹೇಳಾಕ ಬರೂದಿಲ್ಲ," ಎಂದ ಕಾಳಪ್ಪ.

"ನಳ ತಿರುಗಿ ಏನೂ ಕೇಳಂಗಿಲ್ಲಲ್ಲೋ."

ಮುಂದಿನ ದಿನಗಳಲ್ಲಿ ಪ್ರಶ್ನೆ ನಿಲ್ಲಲಿಲ್ಲ. ಅಂಜಲಿ ಹೇಳಿದ್ದನ್ನೇ ಹಿಗ್ಗಿಸಿ ಹೇಳಿ ತಪ್ಪಿಸಿಕೊಂಡಳು. ನೇತ್ರಾವತಿ ಒಮ್ಮೆ ರೊಟ್ಟಿ ಬಡಿಯುತ್ತ, ಕಾಟ ತಾಳಲಾರದೆ ಹೇಳಿದಳು: ತನ್ನ ಬಾಯಿಯಿಂದ ಉದ್ದನೆಯ ಕೂದಲು ಬರುತ್ತಿದೆ, ಎಳೆದಷ್ಟೂ ಮುಗಿಯುತ್ತಿಲ್ಲ, ಎಳೆದು ಎಳೆದು ಕಟ್ಟು ಕಟ್ಟುತ್ತಿದ್ದಾಳೆ.

"ಎಷ್ಟು ಉದ್ದ?" ಎಂದು ಕಾಳಪ್ಪ ಕೇಳಿದ.

"ನಿಮ್ಮ ನಾಲಗಿಗಿಂತ ಸಣ್ಣದು. ರೊಟ್ಟಿ ಹೊತ್ತಾಕತೈತಿ, ಸರೀರಿ."

ಮಣ್ಣೆತ್ತಿನ ಅಮಾವಾಸ್ಯೆಯಂದು ಹೋಳಿಗೆ ಊಟ ಮಾಡುತ್ತಿರುವಾಗ ಕಾಳಪ್ಪ ಕೋಣೆಯ ವಿಷಯ ತೆಗೆದ. ತನಗೆ ದಿನವೂ ಮೌನದಲ್ಲಿ ಕೂರಲು ಮುಚ್ಚಿದ ಜಾಗ ಬೇಕು. ಬಳಗವನ್ನೂ ಒಂದು ಭಾನುವಾರ ಮನೆಗೆ ಕರೆಯಬೇಕು. ಆದ್ದರಿಂದ ಕೂದಲಿನ ಕೆಲಸ ಪಡಸಾಲೆಗೆ ಹೋಗಲಿ ಎಂದ.

"ಪಡಸಾಲ್ಯಾಗ ಆಷಾಢದ ಗಾಳಿ ಯಾರು ಹಿಡೀತಾರ್ರಿ? ನಿಮ್ಮ ಮರಿಸ್ವಾಮಿಯವರೇನು?"

"ಒಂದು ಕೋಣಿ ಕೇಳಿದೆ. ಇಪ್ಪತ್ತು ವರ್ಷ ಮಂದಿ ಕಾಗದ ಒಳಗ ತಗೊಂಡೆ, ಹೊರಗ ಕಳಿಸಿದೆ. ನನ್ನದು ಅಂತ ಒಂದು ಕಾಗದ ಇಲ್ಲ, ಒಂದು ಜಾಗಾ ಇಲ್ಲ."

"ನನಗೆಷ್ಟು ಕೋಣಿ ಅದಾವು, ಎಣಿಸಿ ಹೇಳ್ರಿ. ಅಡಗಿಮನಿ ಬಿಟ್ಟು."

"ನೀ ದುಡಿಯೂದು ದುಡ್ಡಿಗಲ್ಲ. ನಿನಗ ಮನ್ಯಾಗ ಯಜಮಾನಕಿ ಬೇಕಾಗೈತಿ. ಅದು ನಿನ್ನ ನೆರಳು."

"ನನ್ನ ನೆರಳಿನಾಗ ನಿಮ್ಮ ಮಗಳು ಕಾಲೇಜು ಓದಾಕತ್ತಾಳ. ಸುಮ್ಮನ ಹೋಳಿಗಿ ತಿನ್ರಿ."

ಆಗ ಮುದುಕಮ್ಮ ಬಾಯಿ ಹಾಕಿದಳು. "ಕೊಟ್ಟಬಿಡು, ನೇತ್ರಾ. ಆ ಕೂದ್ಲ ಹೊರಗ ಹೋದರ ಸಾಕಾಗೈತಿ ನನಗ. ಗಂಡಸು ಮನ್ಯಾಗ ಬಾಯಿ ಮುಚ್ಚಿಕೊಂಡು ಕುಂದ್ರತೀನಿ ಅಂದರ ಬ್ಯಾಡ ಅಂತಾರೇನು?"

ಅತ್ತೆ ಮತ್ತು ಗಂಡ ಒಂದಾದ ಮೇಲೆ ನೇತ್ರಾವತಿ ವಾದಿಸಲಿಲ್ಲ. ಮರುದಿನ ಚೀಲಗಳನ್ನು ಪಡಸಾಲೆಗೆ ತಾನೇ ಎಳೆದು ಹಾಕಿದಳು. ಕಾಳಪ್ಪ ಕೋಣೆಯನ್ನು ತೊಳೆಸಿ, ಚಾಪೆ ಹಾಸಿ, ಹೊಸ ಚಿಲಕ ಹಾಕಿಸಿದ. ಕಚೇರಿಗೆ ಹೋಗುವಾಗ ಅದಕ್ಕೆ ಬೀಗ ಹಾಕಿಕೊಂಡು ಹೋಗತೊಡಗಿದ.

ಪಡಸಾಲೆಗೆ ಸೀರೆ, ತಾಡಪತ್ರಿ ಕಟ್ಟಿದರೂ ಗಾಳಿ ನಿಲ್ಲಲಿಲ್ಲ. ಆರಿಸಿಟ್ಟ ಉದ್ದ ಕೂದಲು ಗಿಡ್ಡದರೊಳಗೆ ಬೆರೆಯಿತು. ಒಗೆದ ಬಟ್ಟೆಗೆ, ತುಳಸಿಕಟ್ಟೆಗೆ, ಪಕ್ಕದ ಮನೆಯ ಗೇಟಿಗೆ ಸುತ್ತಿಕೊಂಡಿತು.

"ಅಕ್ಕಾ, ಇದು ಕೆಲಸ ಅಲ್ಲ, ಗಾಳಿ ಜೋಡಿ ಲಡಾಯಿ," ಎಂದಳು ಅಬೇದಾಬಿ. "ಸಾಹೇಬರು ಒಳಗ ಕುಂತು ಏನು ಮಾಡ್ತಾರ?"

"ತಮ್ಮನ್ನ ತಾವು ಹುಡುಕ್ತಾರ."

"ಅಷ್ಟು ಸಣ್ಣ ಕೋಣ್ಯಾಗ ಸಿಗವಲ್ಲರೇನು?" ಎಂದಳು ಕಸ್ತೂರೆಮ್ಮ.

ಮಾಲು ಒಯ್ಯಲು ಬಂದ ಹೊನ್ನೂರಪ್ಪ ಒಂದು ಕಟ್ಟನ್ನು ಬಿಚ್ಚಿ, ಬೆರಳುಗಳ ನಡುವೆ ಹಾಯಿಸಿ ನೋಡಿದ. ಅವನು ದನಿ ಏರಿಸಲಿಲ್ಲ. "ತಂಗಿ, ಇದು ಮಿಕ್ಸ್ ಆಗೈತಿ. ನಿನ್ನ ಕೈ ಮಾಲು ಅಂತ ನಾ ಬಿಚ್ಚದ ಕಳಿಸ್ತಿದ್ದೆ. ಪಂಚಮಿ ತನಕ ನೋಡ್ತೀನಿ. ಆಮ್ಯಾಲ ಚೀಲ ಬ್ಯಾರೆ ಮನಿಗೆ ಇಳಿಸಬೇಕಾಗತೈತಿ." ಅಬೇದಾಬಿಯೂ ಕಸ್ತೂರೆಮ್ಮನೂ ತಲೆ ಎತ್ತದೆ ಕೈಕೆಲಸ ಮುಂದುವರಿಸಿದರು.

ಅದೇ ವಾರ ಎದುರುಮನೆಯ ಶಿಕ್ಷಕಿ ಶಮಾ ಅಂಜಲಿಯನ್ನು ಗೇಟಿನ ಬಳಿ ನಿಲ್ಲಿಸಿದಳು. ಅವಳೂ ಬಳಗಕ್ಕೆ ಹೋಗುತ್ತಿದ್ದಳು.

"ನಿಮ್ಮ ಅಪ್ಪಾಜಿ ಭಾಳ ಆಳದ ಮನುಷ್ಯ ಅದಾರ. ಆ ಸ್ಕೂಟಿ ಕನಸು ಕೇಳಿ ಮರಿಸ್ವಾಮಿ ಸರ್ ಒಂದು ತಾಸು ಮಾತಾಡಿದರು."

"ಯಾವ ಸ್ಕೂಟಿ, ಮಿಸ್?"

"ಪೆಟ್ರೋಲ್ ಇಲ್ಲದ ಓಡೂದು. ಮನಿ ಬಂದರೂ ನಿಂದರಂಗಿಲ್ಲ. ಈ ಬಡಾವಣಿ ಜೀವನಾನ ಅದು ಅಂದರು."

ಅಂಜಲಿ ಅಂದು ಸಂಜೆ ಬಸ್ಸಿಳಿದು ಬಂದ ತಂದೆಗೆ ನೀರು ಕೊಡುವ ಮೊದಲೇ ಕೇಳಿದಳು. "ಅಪ್ಪಾ, ನಿನಗ ಸ್ಕೂಟಿ ಹೊಡ್ಯಾಕ ಬರಂಗಿಲ್ಲ. ಕನಸಿನಾಗ ಲೈಸೆನ್ಸ್ ಕೊಟ್ಟರೇನು?"

ಕಾಳಪ್ಪ ಚಪ್ಪಲಿ ಬಿಡುತ್ತ ನಿಂತ. "ನೀ ತಿಳಕೊಂಡಷ್ಟು ಸರಳ ಇಲ್ಲ ಅದು. ಸಾಮೂಹಿಕ ಸುಪ್ತ ಮನಸ್ಸು ಅಂತ ಒಂದು ಐತಿ. ಒಂದು ಮನ್ಯಾಗಿನ ಕನಸು ಆ ಮನ್ಯಾವರೆಲ್ಲರದೂ ಆಗತೈತಿ."

"ಹಂಗಾರ ಕೋಣೀನೂ ಎಲ್ಲರದೂ ಆಗಬೇಕಲ್ಲ?"

"ಹಿರೇರ ಜೋಡಿ ಹಿಂಗ ಮಾತಾಡೂದು ಯಾರು ಕಲಿಸ್ಯಾರ ನಿನಗ?"

"ಇದೂ ಸಾಮೂಹಿಕ," ಎಂದು ಹೇಳಿ ಅಂಜಲಿ ತಂಬಿಗೆಯನ್ನು ಅಲ್ಲಿಯೇ ನೆಲಕ್ಕಿಟ್ಟು ಒಳಗೆ ಹೋದಳು. ವಿಷಯ ತಿಳಿದು ನೇತ್ರಾವತಿ ಅಂದಿನಿಂದ ಗಂಡನಿಗೆ ಬಡಿಸುವುದನ್ನು ನಿಲ್ಲಿಸಿದಳು. ಬುಟ್ಟಿಯಲ್ಲಿ ರೊಟ್ಟಿ, ಬೋಗುಣಿಯಲ್ಲಿ ಪುಂಡಿಪಲ್ಲೆ ಇರುತ್ತಿದ್ದವು, ಹಸಿದವರು ತೆಗೆದುಕೊಳ್ಳಬೇಕಿತ್ತು. ಬೆಳಗಿನ ಕನಸುಗಳೂ ನಿಂತವು. ಅಂಜಲಿ, "ಬಿದ್ದಿಲ್ಲ," ಎನ್ನುತ್ತಿದ್ದಳು. ನೇತ್ರಾವತಿ ಅದನ್ನೂ ಹೇಳುತ್ತಿರಲಿಲ್ಲ.

ನೀರು ಬಿಟ್ಟ ಒಂದು ಮುಂಜಾನೆ ನೇತ್ರಾವತಿ ಎದ್ದು ಬಂದಾಗ ಕಾಳಪ್ಪ ಬಚ್ಚಲಮನೆಯ ಬಾಗಿಲ ಹೊರಗೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಒಳಗೆ ನಳದ ಸಪ್ಪಳವೂ ಅತ್ತೆಯ ಸಣ್ಣ ದನಿಯೂ ಕೇಳುತ್ತಿದ್ದವು. ಸ್ನಾನಕ್ಕೆ ಸರದಿ ಕಾಯುತ್ತಿದ್ದಾನೆಂದು ಭಾವಿಸಿ ಅವಳು ಒಲೆ ಹಚ್ಚಲು ಹೋದಳು.

ಆಷಾಢದ ನಡುವಿನ ಭಾನುವಾರ ಬಳಗ ಕಾಳಪ್ಪನ ಮನೆಗೆ ಬಂತು. ಹಿಂದಿನ ದಿನವೇ ಅವನು ಪಡಸಾಲೆಯ ಚೀಲಗಳನ್ನು ಹಿತ್ತಲಿಗೆ ಹಾಕಿಸಿದ್ದ. ಮುಂದಿನ ಕೋಣೆಯಲ್ಲಿ ಚಾಪೆಯ ಮೇಲೆ ಮರಿಸ್ವಾಮಿ, ಗಾಳೇಶ, ಶಮಾ ಮತ್ತು ಬಡಾವಣೆಯ ಇತರರು ಗೋಡೆಗೆ ಒರಗಿ ಕುಳಿತರು. ಚಹಾ ಮಾಡುವುದಿಲ್ಲವೆಂದು ನೇತ್ರಾವತಿ ಹೇಳಿಬಿಟ್ಟಿದ್ದಳು. ಮನೆಗೆ ಬಂದವರು ಬರಿಗಂಟಲಲ್ಲಿ ಹೋಗಬಾರದೆಂದು ಮುದುಕಮ್ಮ ತಾನೇ ಚಹಾ ಕಾಸಿ, ಸೊಸೆಯ ಕೈಗೆ ಕಪ್ಪುಗಳ ತಟ್ಟೆ ಕೊಟ್ಟು, ಕಿಟ್ಲಿ ಹಿಡಿದು ಹಿಂದೆ ಬಂದಳು. ಇಬ್ಬರೂ ಬಾಗಿಲಲ್ಲಿದ್ದಾಗ ಕಾಳಪ್ಪ ಕಣ್ಣು ಮುಚ್ಚಿ ಹೇಳುತ್ತಿದ್ದ.

"ನಮ್ಮ ಅಪ್ಪ ವಿರುಪಣ್ಣ ತೀರಿಕೊಂಡು ಭಾಳ ವರ್ಷ ಆಗ್ಯಾವು. ಕನಸಿನಾಗ ಅವ ಈ ಬಡಾವಣಿಗೆ ಬಂದಾನ. ಎಲ್ಲಾ ಗೇಟೂ ಒಂದ ಥರ, ಅವನಿಗೆ ಮನಿ ಸಿಗವಲ್ಲದು. ಓಣಿ ಓಣಿ ತಿರಗತಾನ. ನಾ ಕಿಟಕ್ಯಾಗಿಂದ ನೋಡಾಕತ್ತೀನಿ. ಒಂದು ಮಾತು ಕರದರ ಸಾಕು, ಬರ್ತಾನ. ನಾ ಕರೀಲಿಲ್ಲ. ಬಾಯಿಗೆ ಸೆರಗ... ಬಾಯಿಗೆ ಕೈ ಒತ್ತಿಕೊಂಡು ಕುಂತೆ. ಅವ ಹಂಗ ಮುಂದ ಹೋದ."

"ಕೈಯಾಗ ಏನಾದರೂ ಇತ್ತೇನ್ರಿ?" ಎಂದು ಮರಿಸ್ವಾಮಿ ಕೇಳಿದರು.

"ಬಾರಕೋಲು."

ಮರಿಸ್ವಾಮಿ ಮೆಚ್ಚುಗೆಯಿಂದ ತಲೆದೂಗಿದರು. "ಎತ್ತು ಹೊಡೆಯುವ ಚಾಟಿ. ತಂದೆಯ ಅಧಿಕಾರ. ಅದನ್ನು ನೀವು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ, ಕಾಳಪ್ಪನವರೇ. ಇವತ್ತು ನೀವು ನಿಮಗೇ ಸಿಕ್ಕಿದ್ದೀರಿ. ಇಷ್ಟು ಧೈರ್ಯದ ಕನಸನ್ನು ಈ ಬಳಗದಲ್ಲಿ ನಾನು ಕೇಳಿರಲಿಲ್ಲ."

ಮುದುಕಮ್ಮ ಕಿಟ್ಲಿಯನ್ನು ನೆಲಕ್ಕಿಟ್ಟಳು.

"ಮಾಸ್ತರ, ಅದು ನನ್ನ ಕನಸು."

ಕಾಳಪ್ಪ ಕಣ್ಣು ತೆರೆದ. "ಯವ್ವಾ, ನೀ ಒಳಗ ಹೋಗು."

"ನಾ ಅದನ್ನ ನಿನಗ ಹೇಳಿಲ್ಲ. ನಿನ್ನ ಹೇಂತಿಗೆ ಹೇಳಿಲ್ಲ. ನೀರಿಗೆ ಹೇಳೀನಿ. ಬಾಗಿಲಿಗೆ ಕಿವಿ ಹಚ್ಚಿದ್ದೇನು?"

"ಇದು ತಿಳುವಳಿಕಿ ಇದ್ದವರ ಚರ್ಚಾ. ನಿನಗ ಗೊತ್ತಾಗೂದಿಲ್ಲ."

"ನಿನಗ ಗೊತ್ತಾಗೈತಿ? ಹಂಗಾರ ಹೇಳು. ಅವನ ಕೈಯಾಗ ಬಾರಕೋಲು ಯಾಕ ಇತ್ತು? ಅವ ಸಾಯೂ ಹೊತ್ತಿಗೆ ಎತ್ತು ಮಾರಿ ಎಷ್ಟು ವರ್ಷ ಆಗಿತ್ತು ನಮ್ಮ ಮನ್ಯಾಗ?"

ಹೈಸ್ಕೂಲಿನಿಂದ ಮುಂದೆ ಕಾಳಪ್ಪ ಕುಷ್ಟಗಿಯ ಹಾಸ್ಟೆಲಿನಲ್ಲಿ ಬೆಳೆದವನು. ಮನೆಯಲ್ಲಿ ಯಾವ ವರ್ಷ ಏನಾಯಿತೆಂಬುದು ಅವನಿಗೆ ತಿಳಿದಿರಲಿಲ್ಲ.

"ಎತ್ತು ಹೋದ ಮ್ಯಾಲೂ ಅದು ಗೂಟದಾಗ ತೂಗತಿತ್ತು," ಎಂದಳು ಮುದುಕಮ್ಮ. "ಅದು ಯಾರ ಮೈಮ್ಯಾಲ ಆಡೇತಿ, ಅವರಿಗೆ ಆ ಕನಸು ಬೀಳಬೇಕು. ನಿನಗೆಲ್ಲಿಂದ ಬೀಳತೈತೋ?"

ಗಾಳೇಶ ಚಾಪೆಯ ದಾರ ಕೀಳುತ್ತ ಕುಳಿತ. ಶಮಾ ನೇತ್ರಾವತಿಯ ಮುಖ ನೋಡಿ, ಅನುಮಾನದಿಂದ ಕೇಳಿದಳು: "ಹೋದ ವಾರದ್ದು... ಬಾಯಿಯಿಂದ ಕೂದಲು ಬರೂದು?"

"ನಂದು," ಎಂದಳು ನೇತ್ರಾವತಿ. "ಚಹಾ ತಗೋರಿ ಮಿಸ್, ಆರತೈತಿ."

ಮರಿಸ್ವಾಮಿ ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಕೆಟ್ಟ ಮನುಷ್ಯರಲ್ಲ. ಅವರ ದನಿಯಲ್ಲಿ ಕೋಪಕ್ಕಿಂತ ಗಾಬರಿಯೇ ಹೆಚ್ಚಾಗಿತ್ತು. "ಕಾಳಪ್ಪನವರೇ, ಇರಲಿ. ನಿಮ್ಮದೇ ಆದದ್ದು ಒಂದು ಹೇಳಿಬಿಡಿ. ಚಿಕ್ಕದಾದರೂ ಸರಿ."

ಕಾಳಪ್ಪ ಬಾಯಿ ತೆರೆದ. ಮರಿಸ್ವಾಮಿಯವರನ್ನೂ ಗೋಡೆಯನ್ನೂ ನೋಡಿದ. ಆಮೇಲೆ ಚಹಾದ ಕಪ್ಪನ್ನು ಎತ್ತಿಕೊಂಡು, ಬಿಟ್ಟಿದ್ದ ಚಹಾವನ್ನು ಒಂದೇ ಗುಟುಕಿಗೆ ಕುಡಿದ. ಬಳಗದವರು ಒಬ್ಬೊಬ್ಬರಾಗಿ ಎದ್ದು ಚಪ್ಪಲಿ ಹುಡುಕಿಕೊಂಡರು.

ಅವರು ಹೋದ ಮೇಲೆ ಜಗಳ ನಡೆಯಿತು. ಮಂದಿಯ ಮುಂದೆ ಮಾನ ಕಳೆದಿರಿ ಎಂದು ಕಾಳಪ್ಪ ಕೂಗಿದ.

"ನಿನ್ನ ಮಾನ ನಿನ್ನ ಕಡೆ ಐತಿ," ಎಂದಳು ಮುದುಕಮ್ಮ. "ಹೋದದ್ದು ನಂದು. ಇಷ್ಟು ವರ್ಷ ಮೈ ಮುಚ್ಚಿಕೊಂಡಿದ್ದೆ, ಇವತ್ತ ಹತ್ತು ಮಂದಿ ಮುಂದ ಬಿಚ್ಚಿಸಿದಿ. ನಿಮ್ಮಪ್ಪ ಹೊಡದದ್ದಕ್ಕ ಲೆಕ್ಕ ಇತ್ತು, ಅದು ಮನಿ ಒಳಗ ಉಳೀತು."

"ನಾ ನಿನ್ನ ನೋವು ಹೊರಗ ತಂದೀನಿ, ಯವ್ವಾ. ಅದು ಛಲೋದ ಅಲ್ಲೇನು?"

"ತಂದಿಲ್ಲ. ನಿಂದು ಅಂತ ಹೇಳಿ ಹೊಗಳಿಸಿಕೊಂಡಿ."

ಮುದುಕಮ್ಮ ತನ್ನ ಹಾಸಿಗೆಯನ್ನು ಸುತ್ತಿಕೊಂಡು ಬಂದು ಮುಂದಿನ ಕೋಣೆಯ ಮೂಲೆಯಲ್ಲಿ ಹಾಕಿದಳು. ಆಮೇಲೆ ಹಿತ್ತಲಿಗೆ ಹೋಗಿ ಒಂದು ಚೀಲವನ್ನು ಎಳೆಯತೊಡಗಿದಳು.

"ಅತ್ತಿ, ನಿಮಗ ಕೂದ್ಲ ಆಗಿಬರಂಗಿಲ್ಲಲ್ಲ," ಎಂದಳು ನೇತ್ರಾವತಿ.

"ಈಗೂ ಆಗಿಬರಂಗಿಲ್ಲ. ಆ ತುದಿ ಹಿಡಿ."

ಸೋಮವಾರ ಅಬೇದಾಬಿಯೂ ಕಸ್ತೂರೆಮ್ಮನೂ ಕೋಣೆಯಲ್ಲಿ ಕುಳಿತರು. ಬೆರೆತ ಮಾಲನ್ನೆಲ್ಲ ಬಿಚ್ಚಿ ಮತ್ತೆ ಉದ್ದಕ್ಕೆ ತಕ್ಕಂತೆ ಎಳೆದರು. ಮುದುಕಮ್ಮ ಮೂಗಿಗೆ ಸೆರಗು ಕಟ್ಟಿಕೊಂಡು ಬಿಳಿ ಎಳೆಗಳನ್ನು ಆರಿಸಿದಳು. ಇಡೀ ದಿನ ಬೈಯುತ್ತಲೇ ಆರಿಸಿದಳು. ಸಂಜೆ ಕಾಳಪ್ಪ ಬಂದು ಬಾಗಿಲಲ್ಲಿ ನಿಂತು, "ಕೋಣಿ ನನ್ನದು," ಎಂದ.

"ಕೊಡ್ತೀನಿ," ಎಂದಳು ನೇತ್ರಾವತಿ. "ನಿಮ್ಮದು ಅಂತ ಒಂದು ಕನಸು ಬೀಳಲಿ. ಬಿದ್ದ ದಿನ ಬಂದು ಹೇಳ್ರಿ. ಅವತ್ತ ಚೀಲ ಎತ್ತತೀನಿ."

"ಸುಳ್ಳು ಹೇಳಿದರ?" ಎಂದಳು ಅಂಜಲಿ.

"ಹೇಳಲಿ. ಬ್ಯಾರೇದವರದು ಆಗಿದ್ದರ ಅವರು ಬಂದು ಕೇಳ್ತಾರ."

ಅಂದಿನಿಂದ ಬೆಳಗಿನ ಪ್ರಶ್ನೆಯನ್ನು ಅವಳು ಕೇಳತೊಡಗಿದಳು. ಗಂಡನಿಗೆ ಮತ್ತೆ ಬಡಿಸತೊಡಗಿ, ತಾಟು ನೆಲಕ್ಕೆ ಇಡುತ್ತ, "ಬಿತ್ತೇನ್ರಿ?" ಎನ್ನುತ್ತಿದ್ದಳು. ಅವನು ಮೊದಮೊದಲು ಸಿಟ್ಟಾದ. ಊಟ ಬಿಟ್ಟು ಬಸ್ಸಿಗೆ ಹೋದ. ಆಮೇಲೆ, "ನೆನಪಾಗವಲ್ಲದು," ಎಂದ. ಒಂದು ವಾರ ಬೇಗ ಮಲಗಿ ನೋಡಿದ. ಚಹಾವನ್ನು ಮತ್ತೆ ಬಿಟ್ಟು ನೋಡಿದ. ಪಡಸಾಲೆಯಲ್ಲಿ, ಮಾಳಿಗೆಯ ಮೇಲೆ ಮಲಗಿ ನೋಡಿದ. ಕೊನೆಗೆ ಪ್ರಶ್ನೆ ಬರುವ ಮೊದಲೇ ತಲೆ ಅಲ್ಲಾಡಿಸಿ ತಾಟಿಗೆ ಕೈಹಾಕತೊಡಗಿದ. ಮುದುಕಮ್ಮ ಅವನೊಡನೆ ಮಾತು ಬಿಟ್ಟಿದ್ದಳು. ಅವನಿಗೆ ಹೇಳಬೇಕಾದದ್ದನ್ನು ಸೊಸೆಗೆ ಹೇಳುತ್ತಿದ್ದಳು.

ಪಂಚಮಿಯ ಹಿಂದಿನ ದಿನ ಹೊನ್ನೂರಪ್ಪ ಬಂದು ಕಟ್ಟುಗಳನ್ನು ನೋಡಿ, ಹೊಸ ಚೀಲಗಳನ್ನು ಇಳಿಸಿ ಹೋದ. ಹಬ್ಬದ ಮುಂಜಾನೆ ನೇತ್ರಾವತಿ ಎಲ್ಲರ ತಾಟಿಗೂ ಶೇಂಗಾ ಉಂಡೆ ಹಾಕಿ, ಗಂಡನನ್ನು ಕೇಳಿದಳು. ಅವನು ಇಲ್ಲವೆಂದ.

ಕೋಣೆ ನೇತ್ರಾವತಿಯ ಬಳಿ ಉಳಿದಿದೆ. ಕಾಳಪ್ಪನಿಗೆ ತನ್ನದೆಂದು ಹೇಳಬಹುದಾದ ಒಂದು ಕನಸೂ ಇದುವರೆಗೆ ಬಿದ್ದಿಲ್ಲ.